ಬಿಡುಗಡೆ ದಿನದ ಮೀಮಾಂಸಕ

ವಿಡಿಯೊ ಗೇಮ್ ಆಡುವವರಲ್ಲಿ ಹೊಸ ಆಟ ಬಂದ ದಿನವೇ ಕೊಳ್ಳುವವರು, ಬೆಲೆ ಅರ್ಧಕ್ಕಿಳಿಯುವವರೆಗೆ ಅತ್ತ ಕಣ್ಣೆತ್ತಿಯೂ ನೋಡದವರು ಎಂಬ ಎರಡು ಪಂಗಡಗಳಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಾಗಿದ್ದು, ಅವರನ್ನು ಕುರಿತು ಬರೆಯುವುದಕ್ಕೆ ಹೆಚ್ಚೇನೂ ಇಲ್ಲ. ಮೊದಲನೆಯವರ ಬಳಿ ದುಡ್ಡಿದೆ, ಎರಡನೆಯವರ ಬಳಿ ತಾಳ್ಮೆಯಿದೆ. ಅಧ್ಯಯನಕ್ಕೆ ತಕ್ಕವನು ಇವೆರಡನ್ನೂ ಅರೆಬರೆಯಾಗಿ ಪಡೆದಿರುವ ಮೂರನೆಯವನು. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಬಾಡಿಗೆ ಮನೆಗಳಲ್ಲಿ ವಾಸಿಸುವ, ಮೂವತ್ತರ ಆಸುಪಾಸಿನ, ತಿಂಗಳ ಸಂಬಳದವನಾದ ಈತ, ಆಟವೊಂದರ ಬಿಡುಗಡೆಯ ದಿನಾಂಕ ಪ್ರಕಟವಾದ ಗಳಿಗೆಯಿಂದ ಅದನ್ನು ಕೊಳ್ಳಬೇಕೇ ಕೂಡದೇ ಎಂಬ ಜಿಜ್ಞಾಸೆಗೆ ತೊಡಗಿ, ವೇದವಾಕ್ಯಗಳ ಅರ್ಥ ನಿರ್ಣಯಿಸಲು ಹೊರಟ ಜೈಮಿನಿಯ ಅನುಯಾಯಿಗಳೂ ಬೆರಗಾಗುವಷ್ಟು ಶ್ರದ್ಧೆಯಿಂದ ಅದನ್ನು ನಡೆಸುವುದರಿಂದ, ಅವನನ್ನು ಬಿಡುಗಡೆ ದಿನದ ಮೀಮಾಂಸಕ ಎಂದು ಕರೆಯುವುದು ತಪ್ಪಾಗಲಾರದು.

ಈ ಜಿಜ್ಞಾಸೆ ಎಲ್ಲ ಆಟಗಳ ವಿಷಯದಲ್ಲೂ ಹುಟ್ಟುವುದಿಲ್ಲ. ಕ್ರಿಕೆಟ್, ಫುಟ್‌ಬಾಲ್, ಕಾರ್ ರೇಸಿನ ಆಟಗಳನ್ನು ಮೀಮಾಂಸಕ ಯೋಚಿಸದೆ ಕೊಳ್ಳುತ್ತಾನೆ, ಯೋಚಿಸದೆ ಬಿಡುತ್ತಾನೆ. ಅವನ ನಿದ್ದೆಗೆಡಿಸುವುದು ಆರ್‌ಪಿಜಿ, ಅಂದರೆ ರೋಲ್ ಪ್ಲೇಯಿಂಗ್ ಗೇಮ್, ಎಂಬ ಜಾತಿಯ ಆಟ. ಆಡುವವನು ಒಂದು ಪಾತ್ರವನ್ನು ಧರಿಸಿ, ಅದರ ಕುಲ, ಕಸುಬು, ಕೂದಲಿನ ಬಣ್ಣ, ಮೂಗಿನ ಉದ್ದಗಳನ್ನೆಲ್ಲ ತಾನೇ ಗೊತ್ತುಮಾಡಿ, ಆ ಪಾತ್ರ ಆಡಬೇಕಾದ ಮಾತನ್ನೂ ತಾನೇ ಆರಿಸಿ, ಆ ಆಯ್ಕೆಯ ಫಲವನ್ನು ಮುಂದೆಲ್ಲೋ ಉಣ್ಣುವ ಈ ಬಗೆಯ ಆಟದ ಮೂಲವು, 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಕಾಗದ, ಪೆನ್ಸಿಲು, ದಾಳಗಳನ್ನಿಟ್ಟುಕೊಂಡು ಮೇಜಿನ ಸುತ್ತ ಕೂತು ಆಡುವ ಆಟದಲ್ಲಿದೆ. ಕಂಪ್ಯೂಟರಿಗೆ ಬಂದ ಮೇಲೆ ಅದು ಹಿಗ್ಗುತ್ತ ಹೋಗಿ, ಈಗಿನ ದೊಡ್ಡ ಆರ್‌ಪಿಜಿಯೊಂದನ್ನು ಉಪಕಥೆಗಳ ಸಮೇತ ಮುಗಿಸಲು ನೂರು ಗಂಟೆ ಹಿಡಿಯುವುದು ಮಾಮೂಲಾಗಿದೆ. ಕೆಟ್ಟ ಸಿನಿಮಾಕ್ಕೆ ಹೋದವನು ಒಂದು ಸಂಜೆ ಕಳೆದುಕೊಂಡರೆ ಕೆಟ್ಟ ಆರ್‌ಪಿಜಿ ಕೊಂಡವನು ಒಂದು ಮಳೆಗಾಲವನ್ನೇ ಕಳೆದುಕೊಳ್ಳುತ್ತಾನೆ ಎಂಬುದು ಮೀಮಾಂಸಕನ ವಾದ. ಅವನ ಬಳಿ ಈಗಾಗಲೇ ಇರುವ, ಎರಡನೆಯ ಊರಿನ ಹೆಬ್ಬಾಗಿಲಿನಲ್ಲೇ ನಿಂತುಹೋದ ಐದಾರು ಆರ್‌ಪಿಜಿಗಳನ್ನು ನೋಡಿದರೆ ಈ ವಾದದಲ್ಲಿ ಹುರುಳಿಲ್ಲವೆಂದು ತೋರಬಹುದಾದರೂ, ಒಳ್ಳೆಯದನ್ನು ಕೊಂಡು ಮುಗಿಸದಿರುವುದು ಬೇರೆ, ಮುಗಿಸಲು ಯೋಗ್ಯವಲ್ಲದ್ದನ್ನು ಕೊಳ್ಳುವುದು ಬೇರೆ ಎಂಬ ಸೂಕ್ಷ್ಮವನ್ನು ಅವನು ಕೂಡಲೇ ಮುಂದಿಡುತ್ತಾನೆ.

ನಿರ್ಣಯಕ್ಕೆ ಬರುವುದಕ್ಕೆ ಮೀಮಾಂಸಕನಿಗಿರುವ ಸಾಧನಗಳು ನಮ್ಮ ತರ್ಕಶಾಸ್ತ್ರ ಹೇಳುವ ಪ್ರಮಾಣಗಳೇ. ಮೊದಲನೆಯದು ಪ್ರತ್ಯಕ್ಷ, ಅಂದರೆ ಕಣ್ಣಿಗೆ ಕಂಡದ್ದು. ಇಲ್ಲಿ ಅದು ಟ್ರೇಲರ್, ತಯಾರಕರು ಬಿಡುಗಡೆಗೆ ಮುಂಚೆ ತೋರಿಸುವ ಎರಡು ಮೂರು ನಿಮಿಷಗಳ ಜಾಹೀರಾತಿನ ಚಿತ್ರ. ಇದನ್ನು ಮೀಮಾಂಸಕ ಕಾಲು ವೇಗದಲ್ಲಿ ಓಡಿಸಿ, ರಸ್ತೆಯ ಕೊಚ್ಚೆಯಲ್ಲಿ ದೀಪದ ಪ್ರತಿಬಿಂಬ ಸರಿಯಾಗಿ ಬಿದ್ದಿದೆಯೇ, ನಾಯಕ ಮೆಟ್ಟಿಲು ಹತ್ತುವಾಗ ಪಾದ ಮೆಟ್ಟಿಲಿಗೆ ತಾಗುತ್ತಿದೆಯೇ ಎಂದೆಲ್ಲ ಪರೀಕ್ಷಿಸುತ್ತಾನಾದರೂ, ಪರದೆಯ ಕೆಳಮೂಲೆಯಲ್ಲಿ ಇದು ಆಟದೊಳಗಿನ ದೃಶ್ಯವಲ್ಲ ಎಂದು ಸಣ್ಣಕ್ಷರದಲ್ಲಿ ಬರೆದಿರುವುದನ್ನು ಮಾತ್ರ ಓದುವುದಿಲ್ಲ. ಎರಡನೆಯದು ಅನುಮಾನ, ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದು. ಇವರ ಹಿಂದಿನ ಆಟ ಚೆನ್ನಾಗಿತ್ತು, ಆದ್ದರಿಂದ ಮುಂದಿನದೂ ಚೆನ್ನಾಗಿರುತ್ತದೆ ಎಂಬುದು ಇದರ ರೂಢಿಯ ಉದಾಹರಣೆ. ಮೂರನೆಯದು ಶಬ್ದ, ಅಂದರೆ ನಂಬಿಕಸ್ಥರ ಮಾತು. ಆಟ ಅಂಗಡಿಗೆ ಬರುವ ಮೊದಲೇ ಕೆಲವು ವಿಮರ್ಶಕರ ಕೈಗೆ ಪ್ರತಿ ಸಿಗುತ್ತದೆ, ಆದರೆ ಗೊತ್ತುಪಡಿಸಿದ ಗಂಟೆಯವರೆಗೆ ಅವರು ಬಾಯಿ ಬಿಡಬಾರದೆಂಬ ಕಟ್ಟು ಇರುತ್ತದೆ. ಎಂಬಾರ್ಗೊ ಎಂದು ಕರೆಯುವ ಆ ಕಟ್ಟು ಸಡಿಲವಾಗುವ ರಾತ್ರಿ ಮೀಮಾಂಸಕ ಊಟವನ್ನು ಬೇಗ ಮುಗಿಸಿ, ಇಪ್ಪತ್ತು ವಿಮರ್ಶೆಗಳನ್ನು ಓದಿ, ಹತ್ತಕ್ಕೆ ಒಂಬತ್ತು ಕೊಟ್ಟವರಲ್ಲಿ ಒಂದು ಯಾಕೆ ಕಡಿಮೆಯಾಯಿತು ಎಂಬ ಭಾಗವನ್ನಷ್ಟೇ ನೆನಪಿನಲ್ಲಿಟ್ಟುಕೊಳ್ಳುತ್ತಾನೆ.

ಈ ಮೂರು ಪ್ರಮಾಣಗಳೂ ಒಟ್ಟಿಗೆ ಕೈಕೊಟ್ಟ ಪ್ರಸಂಗವೊಂದು ಇತಿಹಾಸದಲ್ಲಿದ್ದು, ಮೀಮಾಂಸಕನ ಇಂದಿನ ಸ್ವಭಾವ ರೂಪುಗೊಂಡದ್ದು ಅಲ್ಲಿಯೇ ಆದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುತ್ತದೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಸಂಸ್ಥೆ 2015ರಲ್ಲಿ ಹೊರತಂದ ದ ವಿಚರ್ 3 ಆಟವು ಆರ್‌ಪಿಜಿ ಪ್ರಿಯರಿಗೆ ಪಠ್ಯಗ್ರಂಥದಂತಾಗಿತ್ತು. ಅದೇ ಸಂಸ್ಥೆ 2012ರಷ್ಟು ಹಿಂದೆಯೇ ಘೋಷಿಸಿದ್ದ ಸೈಬರ್‌ಪಂಕ್ 2077 ಬರುವುದು 2020ರ ಏಪ್ರಿಲ್ 16ಕ್ಕೆ ಎಂದು ಮೊದಲು ಗೊತ್ತಾಗಿ, ಆಮೇಲೆ ಸೆಪ್ಟೆಂಬರ್ 17ಕ್ಕೆ, ಆಮೇಲೆ ನವೆಂಬರ್ 19ಕ್ಕೆ ಹೋಯಿತು. ಅಕ್ಟೋಬರ್ ಮೊದಲಲ್ಲಿ ಆಟ ‘ಗೋಲ್ಡ್’ ಆಗಿದೆ, ಅಂದರೆ ಡಿಸ್ಕ್ ಮುದ್ರಣಕ್ಕೆ ಕಳಿಸಬಹುದಾದ ಮೂಲಪ್ರತಿ ಸಿದ್ಧವಾಗಿದೆ ಎಂಬ ಪ್ರಕಟಣೆ ಬಂತು. ಅದೇ ತಿಂಗಳ ಕೊನೆಯಲ್ಲಿ, ಸಿದ್ಧವಾದದ್ದು ಇನ್ನೂ ಸಿದ್ಧವಾಗಿಲ್ಲವಾದ್ದರಿಂದ ಡಿಸೆಂಬರ್ 10ರವರೆಗೆ ಕಾಯಬೇಕೆಂಬ ಪ್ರಕಟಣೆ ಬಂತು. ಮುಂಗಡ ಹಣ ಕೊಟ್ಟು ಕಾದವರ ಸಂಖ್ಯೆ 80 ಲಕ್ಷವೆಂದು ಸಂಸ್ಥೆಯೇ ಹೇಳಿಕೊಂಡಿತು. ಮೊದಲು ಬಂದ ವಿಮರ್ಶೆಗಳು ಹೊಗಳಿಕೆಯಿಂದ ತುಂಬಿದ್ದವು, ಏಕೆಂದರೆ ವಿಮರ್ಶಕರಿಗೆ ಮೊದಲು ಸಿಕ್ಕದ್ದು ಕಂಪ್ಯೂಟರಿನ ಪ್ರತಿ ಮಾತ್ರ. ತಾವು ಆಡಿ ಚಿತ್ರೀಕರಿಸಿಕೊಂಡದ್ದನ್ನು ಬಿಡುಗಡೆಗೆ ಮುಂಚೆ ತೋರಿಸುವ ಅನುಮತಿಯೂ ಅವರಿಗಿರಲಿಲ್ಲ. ಪ್ಲೇಸ್ಟೇಷನ್ 4ರಂಥ ಹಳೆಯ ಯಂತ್ರಗಳಲ್ಲಿ ಆಟ ತೆರೆದವರಿಗೆ ಮುಖಗಳು ಮಸುಕು, ನಡಿಗೆ ತೊದಲು, ನಡುವೆ ಆಟವೇ ಮುಚ್ಚಿಕೊಳ್ಳುವ ಅವಸ್ಥೆ ಎದುರಾಗಿ, ಬಿಡುಗಡೆಯಾಗಿ ಒಂದು ವಾರ ಕಳೆಯುತ್ತಲೇ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು, ಕೊಂಡವರಿಗೆ ಹಣ ವಾಪಸು ಕೊಡಲು ಮುಂದಾಯಿತು. ಆಟ ಆ ಅಂಗಡಿಗೆ ಮರಳಿದ್ದು 2021ರ ಜೂನಿನಲ್ಲಿ.

ಅಂದಿನಿಂದ ಮೀಮಾಂಸಕನ ಬಾಯಲ್ಲಿ ‘ಪ್ಯಾಚ್ ಬರಲಿ’ ಎಂಬ ಮಾತು ನೆಲೆಯೂರಿದೆ. ಪ್ಯಾಚ್ ಎಂದರೆ ಮಾರಿದ ಮೇಲೆ ತಯಾರಕರು ಇಂಟರ್‌ನೆಟ್ ಮೂಲಕ ಕಳಿಸುವ ತಿದ್ದುಪಡಿ. ಬಿಡುಗಡೆಯ ದಿನವೇ ಒಂದು ಪ್ಯಾಚ್ ಬರುವುದು ಈಗ ಎಷ್ಟು ರೂಢಿಯೆಂದರೆ, ಬಾರದಿದ್ದರೆ ತಯಾರಕರು ಊರು ಬಿಟ್ಟರೇನೋ ಎಂಬ ಸಂಶಯ ಹುಟ್ಟುತ್ತದೆ. ಸೈಬರ್‌ಪಂಕಿಗೆ 2023ರ ಸೆಪ್ಟೆಂಬರಿನಲ್ಲಿ 2.0 ಎಂಬ ದೊಡ್ಡ ಪ್ಯಾಚೂ ಫ್ಯಾಂಟಮ್ ಲಿಬರ್ಟಿ ಎಂಬ ವಿಸ್ತರಣೆಯೂ ಬಂದು, ಆಟ ನಿಜಕ್ಕೂ ಚೆನ್ನಾಯಿತು. ತಾಳಿದವನು ಬಾಳಿಯಾನು ಎಂದು ಮೀಮಾಂಸಕ ಎಲ್ಲರೆದುರು ಘೋಷಿಸಿ, ಚಳಿಗಾಲದ ಸೇಲಿನಲ್ಲಿ ಅದನ್ನು ಕೊಂಡ, ಇಂದಿಗೂ ತೆರೆದಿಲ್ಲ.

ಬೆಲೆಯ ವಿಚಾರಕ್ಕೆ ಬಂದರೆ, ವಾಲ್ವ್ ಸಂಸ್ಥೆ ನಡೆಸುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ 2015ರಿಂದ ಭಾರತದವರಿಗೆ ರೂಪಾಯಿಯಲ್ಲೇ ಬೆಲೆ ತೋರಿಸುತ್ತಿದ್ದು, ಸೈಬರ್‌ಪಂಕ್ ಆಗಲಿ ಬಾಲ್ಡರ್ಸ್ ಗೇಟ್ 3 ಎಂಬ ಇನ್ನೊಂದು ಆರ್‌ಪಿಜಿ ಆಗಲಿ ಅಲ್ಲಿ ₹2,999ಕ್ಕೆ ಬಂದವು. ಇದು ಬರಿಯ ಆಟದ ಬೆಲೆ. ಇದರ ಮೇಲೆ ಡಿಲಕ್ಸ್, ಪ್ರೀಮಿಯಂ ಮುಂತಾದ ಆವೃತ್ತಿಗಳಿದ್ದು, ಹೆಚ್ಚು ಹಣಕ್ಕೆ ಒಂದು ಬಣ್ಣದ ಕವಚ, ಹಿನ್ನೆಲೆ ಸಂಗೀತ, ಚಿತ್ರಗಳ ಪುಸ್ತಕ ಇತ್ಯಾದಿ ಸಿಗುತ್ತವೆ. 2023ರಲ್ಲಿ ಬಂದ ಸ್ಟಾರ್‌ಫೀಲ್ಡ್ ಆಟದ ಪ್ರೀಮಿಯಂ ಆವೃತ್ತಿ ಕೊಂಡವರಂತೂ ಉಳಿದವರಿಗಿಂತ ಐದು ದಿನ ಮೊದಲೇ ಆಡಬಹುದಾಗಿತ್ತು. ಮದುವೆಯ ಊಟದಲ್ಲಿ ಮೊದಲ ಪಂಕ್ತಿಗೆ ಬೇರೆ ದರ ಇಟ್ಟಂತಿರುವ ಈ ವ್ಯವಸ್ಥೆಯನ್ನು ಮೀಮಾಂಸಕ ಕಟುವಾಗಿ ಖಂಡಿಸುತ್ತಾನಾದರೂ, ಮೊದಲ ಪಂಕ್ತಿಯವರು ಪಾಯಸದ ಬಗ್ಗೆ ಏನೆನ್ನುತ್ತಾರೆಂದು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುವುದನ್ನು ತಪ್ಪಿಸುವುದಿಲ್ಲ.

ಖರ್ಚನ್ನು ಸಮರ್ಥಿಸುವ ಗಣಿತವೂ ಅವನಲ್ಲಿ ಸಿದ್ಧವಿದೆ. ₹2,999ನ್ನು ನೂರು ಗಂಟೆಗೆ ಭಾಗಿಸಿದರೆ ಗಂಟೆಗೆ ಮೂವತ್ತು ರೂಪಾಯಿ, ಮಾಲ್‌ನಲ್ಲಿ ಸಿನಿಮಾ ನೋಡುವುದಕ್ಕಿಂತ ಎಷ್ಟೋ ಅಗ್ಗ ಎಂಬುದು ಅದರ ಸಾರ. ಈ ಲೆಕ್ಕವನ್ನು ಮೀಮಾಂಸಕ ಮೊದಲು ಒಪ್ಪಿಸುವುದು ತಾಯಿಗೆ. ‘ಮೂರು ಸಾವಿರವೇನೋ, ಒಂದು ಆಟಕ್ಕೆ?’ ಎಂಬ ಉದ್ಗಾರವನ್ನು ನಿರೀಕ್ಷಿಸಿ, ಅದಕ್ಕೆ ಉತ್ತರವಾಗಿ ಸಿನಿಮಾದ ಟಿಕೆಟ್ಟು, ಪಾಪ್‌ಕಾರ್ನು, ಪಾರ್ಕಿಂಗುಗಳ ದರಪಟ್ಟಿಯನ್ನು ಹಿಡಿದು ನಿಂತಿರುವ ಅವನಿಗೆ ಅವರು, ‘ತಗೊಂಡ್ಬಿಡಪ್ಪಾ, ಒಂದು ತಿಂಗಳಿಂದ ಅದೇ ಪುರಾಣ ಆಯ್ತು’ ಎಂದುಬಿಟ್ಟರೆ ದಿಕ್ಕೇ ತೋಚುವುದಿಲ್ಲ. ಶಾಸ್ತ್ರದಲ್ಲಿ ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಇದ್ದರಲ್ಲವೇ ಸಿದ್ಧಾಂತ ನಿಲ್ಲುವುದು? ಪೂರ್ವಪಕ್ಷವೇ ಒಪ್ಪಿಕೊಂಡು ಅಡುಗೆಮನೆಗೆ ಹೋದ ಮೇಲೆ ಮೀಮಾಂಸಕ ತಾನೇ ಪೂರ್ವಪಕ್ಷವಾಗಿ, ತನ್ನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್, ಅಂದರೆ ಚಿತ್ರ ಮೂಡಿಸುವ ಬಿಡಿಭಾಗ, ಈ ಆಟಕ್ಕೆ ಸಾಲದೆಂಬ ಹೊಸ ಆಕ್ಷೇಪವನ್ನು ಎತ್ತುತ್ತಾನೆ. ಮಾರನೆಯ ಶನಿವಾರ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಕಾರ್ಡಿನ ದರ ವಿಚಾರಿಸುತ್ತ ಅವನು ಅಲೆಯುವುದನ್ನು ಕಾಣಬಹುದು. ಮೂರು ಸಾವಿರ ಕೊಡಲು ಹಿಂಜರಿದವನು ಮೂವತ್ತು ಸಾವಿರದ ಬಗ್ಗೆ ಅಳುಕಿಲ್ಲದೆ ಮಾತಾಡುವುದು ಅಲ್ಲಿ ಮಾತ್ರ.

ಕೊಂಡು ಇಷ್ಟವಾಗದಿದ್ದರೆ ಹಿಂದಿರುಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಸ್ಟೀಮಿನಲ್ಲಿ ಕೊಂಡ ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆ ಮೀರದಿದ್ದರೆ, ಹಣ ವಾಪಸು ಕೇಳಬಹುದೆಂಬುದು ನಿಜ. ಆದರೆ ಆರ್‌ಪಿಜಿಯಲ್ಲಿ ಮೊದಲ ಎರಡು ಗಂಟೆ ಆಟವೇ ಅಲ್ಲ. ಮುಖ ರೂಪಿಸುವ ಪರದೆಯಲ್ಲಿ ಗಲ್ಲದ ಅಗಲ, ಹುಬ್ಬಿನ ಬಾಗು, ಹಣೆಯ ಗಾಯದ ಗುರುತುಗಳನ್ನು ತಿದ್ದಿ ತೀಡಿ, ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿಂದ ಶುರುಮಾಡಿ, ಕಡೆಗೆ ಶಿರಸ್ತ್ರಾಣದಿಂದ ಮುಚ್ಚಿಹೋಗಲಿರುವ ಆ ಮುಖವನ್ನು ಮೀಮಾಂಸಕ ಒಪ್ಪುವ ಹೊತ್ತಿಗೆ ಗಡುವಿಗೆ ಉಳಿದಿರುವುದು ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ಕುದುರೆಗಾಡಿಯಲ್ಲಿ ಕೈಕಟ್ಟಿಸಿಕೊಂಡು ಕೂತ ನಾಯಕನಿಗೆ ಪಕ್ಕದವನು ರಾಜ್ಯದ ಇತಿಹಾಸ ಹೇಳುವುದರಲ್ಲಿ ಕಳೆಯಬೇಕಾಗುತ್ತದೆ.

ಹಾಗೆಂದು ಕಾಯುವವನು ಯಾವಾಗಲೂ ಗೆಲ್ಲುತ್ತಾನೆಂದೂ ಹೇಳುವಂತಿಲ್ಲ. ಬೆಲ್ಜಿಯಮ್ಮಿನ ಲಾರಿಯನ್ ಸ್ಟುಡಿಯೋಸ್ 2020ರ ಅಕ್ಟೋಬರಿನಿಂದಲೇ ಬಾಲ್ಡರ್ಸ್ ಗೇಟ್ 3ನ್ನು ಅರ್ಲಿ ಆ್ಯಕ್ಸೆಸ್ ಪದ್ಧತಿಯಲ್ಲಿ, ಅಂದರೆ ಇನ್ನೂ ಮುಗಿಯದ ಆಟವನ್ನೇ ಮಾರಿ ಕೊಂಡವರ ದೂರುಗಳನ್ನು ಕೇಳುತ್ತ ತಿದ್ದುವ ಕ್ರಮದಲ್ಲಿ, ಮಾರುತ್ತಿತ್ತು. ಮುಗಿಯದ್ದನ್ನು ಪೂರ್ತಿ ಬೆಲೆಗೆ ಕೊಳ್ಳುವವರನ್ನು ಮೀಮಾಂಸಕ ಮೂರು ವರ್ಷ ಗೇಲಿ ಮಾಡಿದ. ಆದರೆ ಅದರ ಪೂರ್ಣ ಬಿಡುಗಡೆ, ಈ ಉದ್ಯಮದಲ್ಲಿ ಅಪರೂಪವೆಂಬಂತೆ, ಗೊತ್ತಾಗಿದ್ದ 2023ರ ಆಗಸ್ಟ್ 31ರ ಬದಲು ಆಗಸ್ಟ್ 3ಕ್ಕೇ ಆಗಿ, ಆಟ ಎಲ್ಲೆಡೆ ಮೆಚ್ಚುಗೆ ಪಡೆದು, ಆ ಡಿಸೆಂಬರಿನ ದ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ವರ್ಷದ ಆಟವೆನಿಸಿಕೊಂಡಿತು. ವಿಸ್ತರಣೆಗಳೆಲ್ಲ ಸೇರಿದ ಸಮಗ್ರ ಆವೃತ್ತಿ ಬಂದ ಮೇಲೆ ಕೊಳ್ಳೋಣವೆಂದು ಮೀಮಾಂಸಕ ಕೂತಿದ್ದಾಗ, ತಾವು ವಿಸ್ತರಣೆ ಮಾಡುವುದಿಲ್ಲವೆಂದು ತಯಾರಕರು 2024ರಲ್ಲಿ ಹೇಳಿಬಿಟ್ಟರು. ಅಷ್ಟರಲ್ಲಿ ಕಚೇರಿಯ ಕ್ಯಾಂಟೀನಿನಲ್ಲಿ ಆ ಆಟದ ಮಾತು ಮುಗಿದೇಹೋಗಿತ್ತು.

ಅವನ ಸಂಕಟದ ಬೇರು ಇರುವುದು ಈ ಕ್ಯಾಂಟೀನಿನಲ್ಲಿಯೇ. ಮೂರು ಸಾವಿರ ಹೋದರೆ ಅವನು ತಡೆದುಕೊಳ್ಳಬಲ್ಲ; ‘ಏನ್ ಗುರೂ, ದುಡ್ಡು ಹಾಳು ಮಾಡ್ಕೊಂಡ್ಯಂತೆ?’ ಎಂದು ಕೇಳಿಸಿಕೊಳ್ಳಲಾರ. ಹಾಗೆಯೇ ಎಲ್ಲರೂ ಯಾವುದೋ ದ್ರೋಹಿ ಮಂತ್ರಿಯ ಬಗ್ಗೆ ದನಿ ತಗ್ಗಿಸಿ ಮಾತಾಡುತ್ತಿರುವಾಗ ಕಥೆ ಗೊತ್ತಾಗಿಬಿಟ್ಟೀತೆಂದು ಕಾಫಿ ಲೋಟ ಹಿಡಿದು ಬೇರೆ ಮೇಜಿಗೆ ಹೋಗಿ ಕೂರುವ ಪಾಡೂ ಅವನಿಗೆ ಸಹ್ಯವಲ್ಲ. ಕೊಂಡವರ ಗೇಲಿ, ಕೊಳ್ಳದವರ ಗೇಲಿ ಎರಡರಿಂದಲೂ ಪಾರಾಗುವ ಏಕೈಕ ಸ್ಥಿತಿ ‘ಇನ್ನೂ ಯೋಚಿಸುತ್ತಿದ್ದೇನೆ’ ಎಂಬುದಾದ್ದರಿಂದ ಅವನು ಅಲ್ಲೇ ಠಿಕಾಣಿ ಹೂಡಿದ್ದಾನೆ.

ಅವನ ಈ ಠಿಕಾಣಿಗೆ ಪೆಟ್ಟು ಬಿದ್ದದ್ದು 2025ರ ಏಪ್ರಿಲ್ 22ರಂದು. 2006ರ ಪ್ರಸಿದ್ಧ ಆರ್‌ಪಿಜಿ ಆಬ್ಲಿವಿಯನ್‌ನ ಹೊಸ ರೂಪವನ್ನು ಬೆಥೆಸ್ಡಾ ಸಂಸ್ಥೆ ಅಂದೇ ಘೋಷಿಸಿ ಅಂದೇ ಮಾರಾಟಕ್ಕಿಟ್ಟಿತು. ಟ್ರೇಲರನ್ನು ಕಾಲು ವೇಗದಲ್ಲಿ ನೋಡಲು ಬಿಡುವಿಲ್ಲ, ತಾಯಿಗೆ ಲೆಕ್ಕ ಒಪ್ಪಿಸಲು ಬಿಡುವಿಲ್ಲ. ತಲೆ ತಿರುಗಿದ ಮೀಮಾಂಸಕ ಆ ರಾತ್ರಿಯೇ ಕೊಂಡ, ಅದೂ ಡಿಲಕ್ಸ್ ಆವೃತ್ತಿಯನ್ನು. ಮೂಲ ಆಟ ಬಂದಾಗ ಅದರ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಬೇರೆಯಾಗಿ ಮಾರಿದ್ದು ಜಗತ್ತಿನಾದ್ಯಂತ ನಗೆಪಾಟಲಾಗಿತ್ತು. ಹೊಸ ರೂಪದ ಡಿಲಕ್ಸ್ ಆವೃತ್ತಿಯಲ್ಲಿ ಹೆಚ್ಚಿನ ಹಣಕ್ಕೆ ದೊರೆಯುವ ವಸ್ತುಗಳ ಪೈಕಿ ಕುದುರೆಯ ಕವಚವೂ ಒಂದು.

ನ್ಯಾಯವಾಗಿ ಹೇಳಬೇಕೆಂದರೆ ಮೀಮಾಂಸಕನ ಸಿದ್ಧಾಂತ ಬಹುಪಾಲು ಸರಿಯಾಗಿಯೇ ಇದೆ. ಬಿಡುಗಡೆಯ ದಿನ ಕೊಳ್ಳುವವನು ಸಾಮಾನ್ಯವಾಗಿ ಆಟದ ಅತಿ ಹೆಚ್ಚಿನ ಬೆಲೆಯನ್ನು ಅದರ ಅತಿ ಕೆಟ್ಟ ಸ್ಥಿತಿಗೆ ಕೊಡುತ್ತಾನೆ. ಒಂದು ವರ್ಷ ತಡೆದವನಿಗೆ ಅದೇ ಆಟ ತಿದ್ದುಪಡಿಗಳ ಸಮೇತ ಕಡಿಮೆಗೆ ಸಿಗುತ್ತದೆ. ಇದನ್ನು ತಿಳಿಯಲು ಮೂರು ಪ್ರಮಾಣಗಳೂ ಬೇಕಿಲ್ಲ, ಆ ವರ್ಷವಿಡೀ ಅದನ್ನೇ ಯೋಚಿಸಬೇಕಾಗಿಯೂ ಇಲ್ಲ. ವಿಚರ್ ಸರಣಿಯ ನಾಲ್ಕನೆಯ ಆಟದ ಮೊದಲ ಟ್ರೇಲರ್ 2024ರ ಡಿಸೆಂಬರಿನಲ್ಲಿ ಹೊರಬಂದಿದ್ದು, 2026 ಮುಗಿಯುವುದಕ್ಕೆ ಮುಂಚೆ ಆಟ ಬರುವುದಿಲ್ಲವೆಂದು ತಯಾರಕರೇ ತಿಳಿಸಿದ್ದಾರೆ. ಮೀಮಾಂಸಕ ಈಗಾಗಲೇ ಆ ಟ್ರೇಲರನ್ನು ಕಾಲು ವೇಗದಲ್ಲಿ ನೋಡಲು ತೊಡಗಿದ್ದಾನೆ.