ಕವರ್ ಬಿಚ್ಚಬೇಡಮ್ಮ

(ಬೆಂಗಳೂರಿನ ತ್ಯಾಗರಾಜನಗರದ ಒಂದು ಅಡ್ಡರಸ್ತೆ. ಕಸದ ಆಟೊ ಹಾಡು ಹಾಕಿಕೊಂಡು ಬಂದು ನಿಂತಿದೆ. ಕಸ ಸಂಗ್ರಹಿಸುವ ಮಂಜಮ್ಮ ಪಕ್ಕದಲ್ಲಿದ್ದಾಳೆ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಶೇಷಗಿರಿರಾಯರು ಗಂಟು ಬಿಗಿದ ಕಪ್ಪು ಕವರ್ ಹಿಡಿದು, ಮನೆ ಕಡೆಗೊಮ್ಮೆ ತಿರುಗಿ ನೋಡಿ, ಓಡೋಡಿ ಬರುತ್ತಾರೆ.)

ರಾಯರು: ತಗೋ ಮಂಜಮ್ಮ, ಬೇಗ.

ಮಂಜಮ್ಮ: ಹಸೀದಾ, ಒಣಗಿದ್ದಾ ಸಾರ್?

ರಾಯರು: ಎರಡೂ. ಸೌಹಾರ್ದವಾಗಿ ಬೆರೆತಿವೆ.

ಮಂಜಮ್ಮ: ಬೆರೆತಿದ್ದು ತಗೊಳ್ಳಂಗಿಲ್ಲ. ಹಸಿ ಕಸ ಹಸಿರು ಬಕೆಟ್ಟು. ಪ್ಯಾಡು, ಡೈಪರ್ರು, ಬ್ಯಾಂಡೇಜು ಕೆಂಪು ಬಕೆಟ್ಟು. ಒಣಗಿದ್ದು ಚೀಲ. 2015ರಲ್ಲೇ ಹೈಕೋರ್ಟು ಹೇಳೈತೆ.

ರಾಯರು: ಹೈಕೋರ್ಟಿನ ವಿಷಯ ನನಗೇ ಹೇಳ್ತೀಯಾ? ಸಾಲ ವಸೂಲಿ ಕೇಸಿಗೆ ಅಲ್ಲಿ ಎಷ್ಟು ಚಪ್ಪಲಿ ಸವೆಸಿದ್ದೀನಿ ಗೊತ್ತಾ?

ಮಂಜಮ್ಮ: ಹಂಗಾರೆ ಆರ್ಡರ್ ಅಂದ್ರೇನು ಅಂತ ನಿಮ್ಗೇ ಚೆನ್ನಾಗ್ ಗೊತ್ತು. ಕವರ್ ಬಿಚ್ಚಿ.

ರಾಯರು: ಬಿಚ್ಚಬೇಡಮ್ಮ! ಅಂದ್ರೆ... ನಿನ್ನ ಕೈ ಗಲೀಜಾಗುತ್ತಲ್ಲ ಅಂತ.

ಮಂಜಮ್ಮ: ಅಬ್ಬ, ಇವತ್ತು ನೆನಪಾಯ್ತು ನನ್ ಕೈ!

ರಾಯರು: ಹೇಗಿದ್ದರೂ ಎಲ್ಲ ಹೋಗೋದು ಊರಾಚೆಗೆ ತಾನೇ?

ಮಂಜಮ್ಮ: ಊರಾಚೆ ಅಂದ್ರೆ ಅದೂ ಯಾರದೋ ಊರೇ ಸಾರ್. ನಮ್ ಚಿಕ್ಕಮ್ಮನ್ನ ಕೊಟ್ಟಿರೋದು ಬೆಂಗ್ಳೂರ್ ಕಸ ಸುರೀತಿದ್ದ ಮಂಡೂರಿಗೆ. ಊಟಕ್ಕೆ ಕೂತ್ರೆ ತಟ್ಟೇಲಿ ಅನ್ನಕ್ಕಿಂತ ನೊಣಾನೇ ಜಾಸ್ತಿ ಇರ್ತಿತ್ತು. 2014ರಲ್ಲಿ ಊರೋರೆಲ್ಲ ಕಸದ ಲಾರಿಗೆ ಅಡ್ಡ ನಿಂತ ಮೇಲೇನೇ ಕಸ ಸುರಿಯೋದು ನಿಂತಿದ್ದು.

ರಾಯರು: (ಮೆತ್ತಗೆ) ಸರಿ, ನಾಳೆಯಿಂದ ಬೇರೆ ಮಾಡ್ತೀನಿ. ಇವತ್ತೊಂದಿನ ಗ್ರೇಸ್ ಪೀರಿಯಡ್ ಕೊಡು.

ಮಂಜಮ್ಮ: ಬ್ಯಾಂಕ್‌ನಾಗೆ ನೀವು ಕೊಡ್ತಿದ್ರಾ? (ಕವರ್ ಬಿಚ್ಚುತ್ತಾಳೆ.) ಹಾಗಲಕಾಯಿ ಬೀಜ. ಒಳ್ಳೆ ಗೊಬ್ಬರ ಆಗ್ತಿತ್ತು, ಬ್ಲೇಡು ಸೇರಿಸಿದೀರಿ. ಪೇಪರ್ ಸಾರಲ್ಲಿ ನೆಂದೋಗೈತೆ, ಇನ್ ಯಾವ ಗುಜರಿಯೋನೂ ಮುಟ್ಟಲ್ಲ. ಹಾಲಿನ ಕವರ್ ಮೂಲೆ ಪೂರ್ತಿ ಕತ್ತರಿಸಬೇಡಿ, ಅಂಟ್ಕೊಂಡೇ ಇರ್ಲಿ ಅಂದಿದ್ನಲ್ಲ, ಇಷ್ಟು ಚೂರನ್ನ ಯಾರು ಹೆಕ್ತಾರೆ? ಅರೆ, ಇದೇನ್ ಸಾರ್, ಜಿಲೇಬಿ ಡಬ್ಬ!

ರಾಯರು: ಶ್! ಶುಗರ್ ರಿಪೋರ್ಟ್ ಬಂದಾಗಿಂದ ಗಂಡ ಹೆಂಡತಿ ಇಬ್ಬರಿಗೂ ಹಾಗಲಕಾಯಿ ಗೊಜ್ಜೇ ಗತಿ. ಒಣ ಕಸದ ಚೀಲ ಬಾಲ್ಕನೀಲಿ ಬಾಯಿ ತೆರೆದು ಕೂತಿರುತ್ತೆ. ಇದನ್ನ ಅದರಲ್ಲಿ ಹಾಕಿದ್ರೆ ನಾನೇ ಆಡಿಟರ್ ಕೈಗೆ ಪುಸ್ತಕ ಕೊಟ್ಟ ಹಾಗೆ.

ಮಂಜಮ್ಮ: ಅದಕ್ಕಾ ಎಲ್ಲಾ ಕಲ್ಸಿ ಮುಚ್ಚಿ ಹಾಕೋದು! ಅಂಗಡಿಗೆ ಹೋಗೋವಾಗ ಮನೆಯಿಂದ್ಲೇ ಸ್ಟೀಲ್ ಡಬ್ಬಿ ತಗೊಂಡೋಗಿ. ಕಸಾನೂ ಇಲ್ಲ, ಸಾಕ್ಷೀನೂ ಇಲ್ಲ.

ರಾಯರು: ಮನೆ ಪಾತ್ರೆ ಲೆಕ್ಕ ಸುಶೀಲನ ತಲೇಲಿದೆ ಕಣಮ್ಮ.

ಮಂಜಮ್ಮ: ಹಂಗಾರೆ ಅಮ್ಮೋರನ್ನೇ ನೋಡಿ ಕಲೀರಿ. ತುಪ್ಪ ಮೆತ್ತಿರೋ ರಟ್ಟು ಒಣ ಕಸಕ್ಕೂ ಆಗಲ್ಲ ಅಂತ ಅವ್ರು ಪ್ಲಾಸ್ಟಿಕ್ ಡಬ್ಬಾನೇ ಕೇಳಿ ತಗೋತಾರೆ. ತೊಳ್ದು, ಒಣಗ್ಸಿ, ಬುಧವಾರ ನನ್ ಕೈಗೇ ತಂದ್ಕೊಡ್ತಾರೆ.

ರಾಯರು: ಯಾವ ಡಬ್ಬ?

ಮಂಜಮ್ಮ: (ನಾಲಿಗೆ ಕಚ್ಚಿಕೊಂಡು) ಮೈಸೂರ್ ಪಾಕಿಂದು...

ಸುಶೀಲಮ್ಮ: (ಬಾಲ್ಕನಿಯಿಂದ) ಏನ್ರೀ, ಕಸ ಕೊಡೋಕೆ ಇಷ್ಟು ಹೊತ್ತಾ? ಕೈಯಲ್ಲೇನದು?

ರಾಯರು: ಏನಿಲ್ಲ ಕಣೇ! ನಿನ್ನ ಬುಧವಾರದ ಡಬ್ಬಗಳು ಎಷ್ಟು ಚೊಕ್ಕವಾಗಿರ್ತವೆ ಅಂತ ಮಂಜಮ್ಮ ಹೊಗಳ್ತಿದ್ದಾಳೆ!

ಸುಶೀಲಮ್ಮ: ಹೂಂ... ಬನ್ನಿ ಬನ್ನಿ, ಕಾಫಿ ಆರಿಹೋಗುತ್ತೆ. ಇವತ್ತೊಂದಿನ ಸಕ್ಕರೆ ಹಾಕ್ಲಾ?