ಇನ್ನೊಂದೇ ಒಂದು ಡಬ್ಬಿ

ಏನ್ರೀ, ರಾತ್ರಿ ಎರಡು ಗಂಟೇಲಿ ಲ್ಯಾಪ್‌ಟಾಪ್ ಮುಂದೆ ಕೂತು ಏನು ಹುಡುಕ್ತಿದ್ದೀರಿ? ಆಫೀಸ್ ಕೆಲಸ ಅಂತ ಮನೆಯವರಿಗೆ ಹೇಳಿದ್ದೀರಿ, ಸರಿ. ನನ್ನ ಹತ್ರ ಬೇಡ. ಆ ಕಪ್ಪು ಪರದೆ, ಅದರ ಮೇಲೆ ತೇಲೋ ಎಂಟು ಗೋಲ, ನಡುವೆ ಕೆಂಪಗೆ ಮಿನುಗೋ ಒಂದು ಚುಕ್ಕೆ... ಎಕ್ಸೆಲ್ ಶೀಟ್ ಹೀಗಿರಲ್ಲ ಅನ್ನೋದು ನನಗೂ ಗೊತ್ತು.

(ಆದ್ರೂ ನಿಮ್ಮ ಸುಳ್ಳು ಪೂರ್ತಿ ಸುಳ್ಳಲ್ಲ ಬಿಡಿ. ಈವ್ ಆನ್‌ಲೈನ್ ಅನ್ನೋ ಈ ಆಟಕ್ಕೆ ಆಡೋರೇ ‘ಬಾಹ್ಯಾಕಾಶದ ಸ್ಪ್ರೆಡ್‌ಶೀಟ್’ ಅಂತ ಗೇಲಿ ಮಾಡ್ತಾರೆ. ಕಂಪನಿಯವರು ಏನು ಕಮ್ಮಿ? 2022ರಲ್ಲಿ ಮೈಕ್ರೋಸಾಫ್ಟ್ ಜತೆ ಸೇರಿ, ಆಟದ ಲೆಕ್ಕಾಚಾರಾನ ಎಕ್ಸೆಲ್‌ಗೇ ಇಳಿಸ್ಕೊಳ್ಳೋ ಹಾಗೆ ಮಾಡ್ತೀವಿ ಅಂತ ಘೋಷಿಸಿಬಿಟ್ರು.)

ಐಸ್‌ಲ್ಯಾಂಡಿನ ರೇಕ್ಯಾವಿಕ್‌ನ ಸಿಸಿಪಿ ಕಂಪನಿ 2003ರಲ್ಲಿ ಬಿಟ್ಟ ಆಟ ಇದು. ಅಲ್ಲಿನ ದುಡ್ಡು ಐಎಸ್‌ಕೆ. ಐಸ್‌ಲ್ಯಾಂಡಿನ ಅಸಲಿ ಕ್ರೋನಾಗೂ ಬ್ಯಾಂಕಿನವರು ಬರೆಯೋದು ಅದೇ ಮೂರಕ್ಷರ! ಜನ ಅಲ್ಲಿ ಸಾಮ್ರಾಜ್ಯ ಕಟ್ತಾರೆ, ಸಾವಿರಾರು ಹಡಗು ಕಟ್ಕೊಂಡು ಯುದ್ಧಕ್ಕೆ ಹೋಗ್ತಾರೆ, ಬಂಡೆ ಒಡೆದು ಅದಿರು ಮಾರ್ತಾರೆ. ನೀವು? ‘ನಮಗ್ಯಾಕಪ್ಪ ಊರ ಉಸಾಬರಿ’ ಅಂತ ಅಗ್ಗದ್ದೊಂದು ಹೆರಾನ್ ಹಡಗು ಹಿಡಿದು ಎಕ್ಸ್‌ಪ್ಲೋರೇಶನ್‌ಗೆ ಹೊರಟ್ರಿ.

ಊರ ಉಸಾಬರಿ ಬೇಡ ಅಂದೋರು ಮಾಡ್ತಿರೋದೇನು? ಎಲ್ಲೆಲ್ಲಿ ಏನೇನು ಬಚ್ಚಿಟ್ಟಿದ್ದಾರೋ ಅದನ್ನೆಲ್ಲ ಇಣುಕಿ ನೋಡೋದು. ಎದುರು ಮನೆಗೆ ಬಂದ ಪಾರ್ಸೆಲ್ ಎಲ್ಲಿಂದ ಬಂತು ಅಂತ ಓದೋಕೆ ಒಳಗಿಂದ ಕನ್ನಡಕ ತರಿಸ್ಕೊಂಡಿದ್ದು ಯಾರು? ನಾನಂತೂ ಅಲ್ಲ. ಆ ಚಟಕ್ಕೆ ನೀವೀಗ ಬಾಹ್ಯಾಕಾಶ ಸಂಶೋಧನೆ ಅಂತ ದೊಡ್ಡ ಹೆಸರಿಟ್ಟಿದ್ದೀರಿ, ಅಷ್ಟೆ.

ಸ್ಕ್ಯಾನ್ ಮಾಡೋವಾಗ ನಿಮ್ಮ ಮುಖ ಯಾರಾದ್ರೂ ನೋಡ್ಬೇಕು! ಎಂಟು ಪ್ರೋಬ್ (ಹುಡುಕೋ ಪುಟ್ಟ ಯಂತ್ರ) ಹಾರಿಸ್ತೀರಿ. ಮೊದಲು ಒಂದೊಂದರ ವ್ಯಾಪ್ತಿ 8 ಎಯು ಇಟ್ಕೊಳ್ಳಿ (ಒಂದು ಎಯು ಅಂದ್ರೆ ಭೂಮಿಗೂ ಸೂರ್ಯನಿಗೂ ಇರೋ ದೂರ, ಸುಮಾರು 15 ಕೋಟಿ ಕಿಲೋಮೀಟರ್). ಒಂದೇ ಪ್ರೋಬಿಗೆ ವಾಸನೆ ಹತ್ತಿದ್ರೆ ಕೆಂಪು ಗೋಲ: ಇದರೊಳಗೆ ಎಲ್ಲೋ ಇದೆ, ಹುಡುಕ್ಕೋ ಅಂತ. ಎರಡಕ್ಕೆ ಹತ್ತಿದ್ರೆ ಬಳೆ. ಮೂರಕ್ಕೆ ಹತ್ತಿದ್ರೆ ಎರಡು ಚುಕ್ಕೆ, ಅದರಲ್ಲೊಂದು ಸುಳ್ಳು. ನಾಲ್ಕು ಸೇರಿದ್ರೆ ಒಂದೇ ಚುಕ್ಕೆ.

ಆ ಎರಡು ಚುಕ್ಕೆ ಬಂದಾಗ ನೀವು ಸುಳ್ಳು ಚುಕ್ಕೆ ಹಿಂದೇನೇ ಹೋಗ್ತೀರಿ, ಅಲ್ವಾ? ವಾಪಸ್ ಬಂದು ಆಟದೋರಿಗೆ ಎರಡು ಬೈದು, ಮತ್ತೆ 4, 2, 1, ಅರ್ಧ, ಕಾಲು ಅಂತ ವ್ಯಾಪ್ತಿ ಕುಗ್ಗಿಸ್ತಾ ಬರ್ತೀರಿ. ನೂರಕ್ಕೆ ನೂರು ಆಗದೆ ಅಲ್ಲಿಗೆ ಹಾರೋ ಹಾಗಿಲ್ಲ. ತೊಂಬತ್ತೊಂಬತ್ತು ಚಿಲ್ಲರೆಗೆ ನಿಂತ್ರೆ ಉಸಿರು ಬಿಗಿಹಿಡಿದು ಪ್ರೋಬನ್ನ ಕೂದಲೆಳೆಯಷ್ಟು ಸರಿಸ್ತೀರಿ. (ಸೋಫಾ ಸಂದೀಲಿರೋ ಟಿವಿ ರಿಮೋಟ್‌ಗೆ ಮನೆಮಂದಿಯನ್ನೆಲ್ಲ ಎಬ್ಬಿಸೋರು ತಾವೇ ತಾನೆ?)

ನೂರಾಯ್ತು, ಹಸಿರು ಬಂತು! ಏನು ಸಿಕ್ತು? ಗ್ಯಾಸ್ ಸೈಟು. ನಿಮ್ಮ ಹಡಗಲ್ಲಿ ಗ್ಯಾಸ್ ತುಂಬ್ಕೊಳ್ಳೋ ಯಂತ್ರಾನೇ ಇಲ್ಲ. ಮುಂದಿನದು ಡೇಟಾ ಸೈಟು, ಮೂಗು ಮುರೀತೀರಿ. ಅದರ ಮುಂದಿನದು ರೆಲಿಕ್ ಸೈಟು, ಹಳೇ ಅವಶೇಷಗಳ ಡಬ್ಬಿ ತೇಲೋ ಜಾಗ... ಈಗ ನೋಡಿ, ಬೆನ್ನು ನೆಟ್ಟಗಾಯ್ತು.

ಅಲ್ಲೂ ನಿಮ್ಮ ಬುದ್ಧಿ ಬಿಡಲ್ಲ. ಕಾರ್ಗೋ ಸ್ಕ್ಯಾನರ್ ಅಂತ ಒಂದಿದೆ, ಡಬ್ಬಿ ತೆರೆಯೋ ಮೊದಲೇ ಒಳಗಿರೋದನ್ನ ತೋರಿಸುತ್ತೆ. ಸಂತೇಲಿ ಒಂದೊಂದೇ ಬದನೆಕಾಯಿ ಒತ್ತಿ ನೋಡಿ ಪಕ್ಕಕ್ಕಿಡೋ ಅಜ್ಜಿಯ ಥರ ಎಲ್ಲ ಡಬ್ಬೀನೂ ಒತ್ತಿ ನೋಡಿ, ‘ಇದು ಪರವಾಗಿಲ್ಲ, ಇದು ಯಾರಿಗೆ ಬೇಕು’ ಅಂತ ಬೇರೆ ಮಾಡ್ತೀರಿ. ಕೊನೆಗೆ ಆ ‘ಯಾರಿಗೆ ಬೇಕು’ ಡಬ್ಬೀನೂ ಬಿಡಲ್ಲ. ಬಿಟ್ಟಿದ್ದೀರಾ ಎಂದಾದ್ರೂ? ಎದೆ ಮುಟ್ಕೊಂಡು ಹೇಳಿ.

ಡಬ್ಬಿಯ ಬೀಗ ತೆಗೆಯೋದು ಆಟದೊಳಗಿನ ಇನ್ನೊಂದು ಆಟ. ನಿಮ್ಮ ವೈರಸ್ ಒಂದೊಂದೇ ಮನೆ ಬಿಚ್ತಾ ಹೋಗುತ್ತೆ, ಫೈರ್‌ವಾಲ್ ಅಡ್ಡ ಬಂದ್ರೆ ಗುದ್ದಬೇಕು, ಒಳಗೆ ಅಡಗಿರೋ ಸಿಸ್ಟಮ್ ಕೋರ್ ಒಡೀಬೇಕು. ಎರಡು ಸಲ ಸೋತ್ರೆ ಡಬ್ಬಿಯೇ ಢಮಾರ್. 2013ರ ಒಡಿಸ್ಸಿ ಅಪ್‌ಡೇಟ್‌ನಲ್ಲಿ ಇದನ್ನ ತಂದಾಗ ಇನ್ನೂ ಒಂದು ಕೀಟಲೆ ಇತ್ತು. ಗೆದ್ದ ಮೇಲೆ ಡಬ್ಬಿ ಸಿಡಿದು ಮಾಲೆಲ್ಲ ನಾಲ್ಕು ದಿಕ್ಕಿಗೆ ಚೆಲ್ಲಾಪಿಲ್ಲಿ, ಮಾಯ ಆಗೋದರೊಳಗೆ ಓಡೋಡಿ ಹಿಡೀಬೇಕು! ಜನ ಗೊಣಗಿ ಗೊಣಗಿ ಅದನ್ನ ತೆಗೆಸಿದ್ರು.

ಇಷ್ಟಕ್ಕೇ ನಿಲ್ಲಿಸಿದ್ರೆ ನೀವು ನೀವಾಗಿರ್ತಿರಲಿಲ್ಲ. ವರ್ಮ್‌ಹೋಲ್ (ಬೇರೆ ಸೌರಮಂಡಲಕ್ಕೆ ತೂರೋ ತೂತು) ಸಿಕ್ತು ಅಂದ್ರೆ ತಲೆ ತೂರಿಸಲೇಬೇಕು. 2009ರ ಮಾರ್ಚ್‌ನಲ್ಲಿ ಇವು ಬಂದವು, ಆಚೆ ಕಡೆ ಸುಮಾರು 2,500 ಸೌರಮಂಡಲ. ಮಾಮೂಲಿ ಜಾಗದಲ್ಲಿ ಯಾರ್‍ಯಾರು ಇದ್ದಾರೆ ಅಂತ ಲೋಕಲ್ ಚಾಟ್‌ನಲ್ಲಿ ಹೆಸರು ಕಾಣುತ್ತೆ. ಇಲ್ಲಿ ಬಾಯಿ ಬಿಟ್ಟು ಮಾತಾಡಿದೋರ ಹೆಸರು ಮಾತ್ರ. ಪಟ್ಟಿ ಖಾಲಿ ನೋಡಿ ‘ಆಹಾ, ಯಾರೂ ಇಲ್ಲ’ ಅಂತೀರಲ್ಲ, ಕ್ಲೋಕ್ ಹಾಕ್ಕೊಂಡು ಕಣ್ಣಿಗೆ ಕಾಣದ ಹಾಗೆ ಕೂತೋನು ಆ ಕಡೆ ಎಷ್ಟು ನಗ್ತಿರ್ತಾನೆ ಗೊತ್ತಾ?

ಅಂದ ಹಾಗೆ, ಬಂದ ತೂತನ್ನ ಬುಕ್‌ಮಾರ್ಕ್ ಮಾಡಿದ್ರಾ? ಇಲ್ಲ? ಶಿವನೇ! ಹೆಚ್ಚಿನ ತೂತುಗಳು 16 ಇಲ್ಲಾ 24 ಗಂಟೇಲಿ ತಾವಾಗೇ ಮುಚ್ಕೊಳ್ಳುತ್ವೆ. ಜಾಸ್ತಿ ತೂಕದ ಹಡಗು ಹಾದ್ರೆ ಇನ್ನೂ ಬೇಗ. ಆಮೇಲೆ ಬೇರೆ ದಾರಿ ಸ್ಕ್ಯಾನ್ ಮಾಡ್ಕೊಂಡು ಬರಬೇಕು. ಪ್ರೋಬೂ ಕಳಕೊಂಡಿದ್ರೆ ಹಡಗು, ತಾವು ಎರಡನ್ನೂ ಸಿಡಿಸ್ಕೊಂಡು, ಊರಿನ ಸ್ಟೇಷನ್‌ನಲ್ಲಿ ಹೊಸ ಕ್ಲೋನ್ ಆಗಿ ಕಣ್ಣು ಬಿಡಬೇಕು. (ಬರಿಗೈಲಿ. ಮಾಲು ಅಲ್ಲೇ.)

ಇದಕ್ಕೆಲ್ಲ ಒಂದು ಬಿಡುವಿದೆ. ಸರ್ವರನ್ನ ದಿನಾ ಐಸ್‌ಲ್ಯಾಂಡಿನ ಗಡಿಯಾರದ ಪ್ರಕಾರ ಬೆಳಿಗ್ಗೆ 11ಕ್ಕೆ ಸ್ವಲ್ಪ ಹೊತ್ತು ಮುಚ್ತಾರೆ. ನಮಗೆ ಆಗ ಸಂಜೆ 4.30, ಸರಿಯಾಗಿ ಕಾಫಿ ಹೊತ್ತು. ಮತ್ತೆ ತೆರೆದಾಗ ನೀವು ಹುಡುಕಿಟ್ಟ ಜಾಗಗಳ ಗುರುತೆಲ್ಲ ಬದಲು. ಕರೆಂಟ್ ಬಿಲ್ ಹಿಂದೆ ಗುಟ್ಟಾಗಿ ಬರೆದಿಟ್ಟ ಮೂರು ಅಕ್ಷರ, ಮೂರು ಅಂಕಿ ಈಗ ಯಾತಕ್ಕೂ ಬರಲ್ಲ. ನಾನು ನೋಡಿಲ್ಲ ಅಂದ್ಕೊಂಡ್ರಾ ಆ ಬಿಲ್ಲು?

ಎಲ್ಲರೂ ನಿಮ್ಮ ಹಾಗೇ ಅಂತಲ್ಲ. ಕಟಿಯಾ ಸೇ ಅನ್ನೋ ಹೆಸರಿನ ಪಾತ್ರವೊಂದು ಹತ್ತಿರ ಹತ್ತಿರ ಹತ್ತು ವರ್ಷ ಅಲೆದು, ಆ ಲೋಕದ ಎಲ್ಲ 7,805 ಸೌರಮಂಡಲಾನೂ ನೋಡಿ 2019ರಲ್ಲಿ ಯಾತ್ರೆ ಮುಗಿಸ್ತು. ಒಂದೇ ಒಂದು ಹಡಗು ಕಳಕೊಳ್ಳದೆ! ಸಿಸಿಪಿಯೋರು ಆಟದೊಳಗೇ ಪ್ರತಿಮೆ ನಿಲ್ಲಿಸಿದ್ರು. ನಿಮಗೂ ಹೊಟ್ಟೆ ಉರೀತು, ಪಾಪ. ಆದ್ರೆ ಅಷ್ಟು ಕಡೆ ಹೋಗಿ ಬರೋಕೆ ಬೇಕಾದ್ದು, ಹೊರಡು ಅಂದಾಗ ಹೊರಡೋ ಗುಣ. ‘ಹೊರಟ್ವಿ’ ಅಂದ ಮೇಲೆ ಗೇಟಲ್ಲಿ ಅರ್ಧ ಗಂಟೆ ಮಾತಾಡೋ ವಂಶ ನಮ್ದು.

ಇಣುಕೋ ಚಟ ಪೂರ್ತಿ ದಂಡ ಅಂತಾನೂ ನಾನು ಹೇಳಲ್ಲ. 2016ರಲ್ಲಿ ಪ್ರಾಜೆಕ್ಟ್ ಡಿಸ್ಕವರಿ ಅಂತ ಆಟದೊಳಗೇ ಸೇರಿಸಿ, ಹ್ಯೂಮನ್ ಪ್ರೋಟೀನ್ ಅಟ್ಲಾಸ್‌ನ ಜೀವಕೋಶದ ಚಿತ್ರಗಳನ್ನ ನಿಮ್ಮಂಥೋರ ಮುಂದಿಟ್ರು. ಮೂರು ಲಕ್ಷಕ್ಕೂ ಹೆಚ್ಚು ಜನ ಕೂತು ಸುಮಾರು 3.3 ಕೋಟಿ ಸಲ ಗುರುತು ಹಾಕಿದ್ರು, ಅದು ನೇಚರ್ ಬಯೋಟೆಕ್ನಾಲಜಿ ಪತ್ರಿಕೇಲಿ ಬಂತು. 2017ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಜತೆ ಸೇರಿ ದೂರದ ನಕ್ಷತ್ರಗಳ ಗ್ರಹ ಹುಡುಕೋ ಕೆಲಸ ಕೊಟ್ರು. ಮನೇಲಿ ಕೇಳಿದ್ರೆ ಇದನ್ನ ಹೇಳಿ, ಎಕ್ಸೆಲ್‌ಗಿಂತ ತೂಕವಾಗಿದೆ.

ಅಯ್ಯೋ, ಮಾತಾಡ್ತಾ ಮರೆತೆ, ಡಿ-ಸ್ಕ್ಯಾನ್ ಒತ್ತಿದ್ರಾ? ಸುತ್ತ 14.3 ಎಯು ಒಳಗೆ ಏನೇನಿದೆ ಅಂತ ತೋರಿಸುತ್ತೆ ಅದು. ಒತ್ತಿ, ಒತ್ತಿ. ಏನಿದೆ ಪಟ್ಟೀಲಿ? ಕಾಂಬ್ಯಾಟ್ ಸ್ಕ್ಯಾನರ್ ಪ್ರೋಬ್! ಇಷ್ಟು ಹೊತ್ತು ನೀವು ಡಬ್ಬಿ ಹುಡುಕ್ತಿದ್ರಿ, ಈಗ ಇನ್ಯಾರೋ ನಿಮ್ಮ ಸುತ್ತ ಗೋಲ ಕುಗ್ಗಿಸ್ತಾ ಬರ್ತಿದ್ದಾನೆ. ಹೊರಡಿ!

‘ಇರ್ರೀ, ಇದೊಂದು ಡಬ್ಬಿ ಮುಗಿಸಿ...’ ಇದು ಆ ‘ಯಾರಿಗೆ ಬೇಕು’ ಡಬ್ಬಿ ಅಲ್ವೇನ್ರೀ? ಬಿಡ್ರೀ ಅದನ್ನ! ಸಿಸ್ಟಮ್ ಕೋರ್ ಕಾಣಿಸ್ತು ಅಂತೀರಾ? ಇನ್ನೆರಡೇ ಮನೆ ಅಂತೀರಾ? ನೋಡಿ, ನೋಡಿ, ಹಿಂದೆ...

ಹೋಯ್ತಾ. ಹೋಗ್ಲಿ ಬಿಡಿ, ಹಡಗು ಇನ್ನೊಂದು ಬರುತ್ತೆ. ಮೆಲ್ಲಗೆ ನನ್ನ ಕಿವೀಲಿ ಹೇಳಿ, ಒಳಗೆ ಎಷ್ಟರ ಮಾಲಿತ್ತು?