ಡ್ಯಾಕ್‌ಗೆ ಪ್ರೆಷರ್, ಭಾವನಿಗೆ ಬಿ.ಪಿ.

ನಮ್ಮ ಭಾವನಿಗೆ ಬಿ.ಪಿ. ಇದೆ ಎಂದು ಡಾಕ್ಟರು ಹೇಳಿದ್ದು 2024ರ ಫೆಬ್ರವರಿಯಲ್ಲಿ. ಜನವರಿಯಲ್ಲಿ ಹೋಗಿದ್ದರೆ ಸುಮ್ಮನೆ ವಾಪಸ್ ಕಳಿಸಿಬಿಡುತ್ತಿದ್ದರು. ಡಲ್ಲಾಸ್ ಸುತ್ತಮುತ್ತ ಜನವರಿಯಲ್ಲಿ ಎಲ್ಲರ ಬಿ.ಪಿ.ಯೂ ಏರಿರುತ್ತದೆ. ಅದಕ್ಕೆ ಅಲ್ಲಿ ಕಾಯಿಲೆ ಅನ್ನುವುದಿಲ್ಲ, ಪ್ಲೇಆಫ್ ಅನ್ನುತ್ತಾರೆ.

ಭಾವ ಇರುವುದು ಫ್ರಿಸ್ಕೋದಲ್ಲಿ. ಡಲ್ಲಾಸ್ ಕೌಬಾಯ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಕಚೇರಿ, ತಾಲೀಮಿನ ಮೈದಾನ ಎಲ್ಲ ಆ ಊರಲ್ಲೇ. ಮೈಸೂರಿನವನಿಗೆ ಅರಮನೆ ಹೇಗೋ ಭಾವನಿಗೆ ಅದು ಹಾಗೆ; ಒಳಗೆ ಕಾಲಿಡುವುದು ಊರಿಂದ ನೆಂಟರು ಬಂದಾಗ, ಅಭಿಮಾನ ಮಾತ್ರ ವರ್ಷವಿಡೀ. ಒಂದು ಕಣ್ಣು ಆರ್‌ಸಿಬಿ ಮೇಲೆ, ಇನ್ನೊಂದು ಕಣ್ಣು ಕೌಬಾಯ್ಸ್ ಮೇಲೆ ಇಟ್ಟು, ಎರಡರಲ್ಲೂ ನೀರು ತುಂಬಿಕೊಂಡು ಬಾಳಿದ ಜೀವ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಾಗ ಒಂದು ಕಣ್ಣು ಒರೆಸಿಕೊಂಡರು. (ಮಾರನೇ ದಿನದ ಮಾತು ಇಲ್ಲಿ ಬೇಡ.) ಇನ್ನೊಂದು ಕಣ್ಣು 1996ರ ಜನವರಿ 28ರಿಂದ ಸೋರುತ್ತಲೇ ಇದೆ. ಕೌಬಾಯ್ಸ್ ಕೊನೇ ಸಲ ಸೂಪರ್ ಬೌಲ್, ಅಂದರೆ ಈ ಆಟದ ಫೈನಲ್, ಗೆದ್ದದ್ದು ಆವತ್ತು. ಭಾವ ಆಗಿನ್ನೂ ಮೈಸೂರಿನಲ್ಲಿ ಸಿಇಟಿಗೆ ಓದುತ್ತಿದ್ದರು. ಅಂದರೆ ಅವರು ಅಳುತ್ತಿರುವುದು ತಾವು ಕಾಣದೇ ಇದ್ದ ವೈಭವಕ್ಕೆ. ಕನ್ನಡಿಗರಿಗೆ ಇದು ಹೊಸದೇನಲ್ಲ ಬಿಡಿ, ಹಂಪಿಗೆ ಹೋದರೆ ನಾವೆಲ್ಲ ಮಾಡುವುದೂ ಅದನ್ನೇ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಹೆಸರು ಫುಟ್‌ಬಾಲ್, ಆಡುವುದು ಹೆಚ್ಚಾಗಿ ಕೈಯಲ್ಲಿ. ಒಂದೊಂದು ಕಡೆ ಹನ್ನೊಂದು ಮಂದಿ. ಕ್ವಾರ್ಟರ್‌ಬ್ಯಾಕ್ ಅನ್ನುವವನ ಕೈಗೆ ಚೆಂಡು ಬಂದ ಮೇಲೆ ಅವನಿಗೆ ಸಿಗುವುದು ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ಅವನನ್ನು ನೆಲಕ್ಕೆ ಕೆಡವಲೆಂದೇ ಸಂಬಳ ಎಣಿಸಿಕೊಳ್ಳುವ, ನೂರಿಪ್ಪತ್ತು ನೂರಮೂವತ್ತು ಕಿಲೋ ತೂಗುವ ನಾಲ್ಕೈದು ಜನ ಎದುರಿನಿಂದ ನುಗ್ಗುತ್ತಾರೆ. ಅಷ್ಟರೊಳಗೆ ಓಡುತ್ತಿರುವ ತನ್ನವರಲ್ಲಿ ಯಾರ ಸುತ್ತ ಜನವಿಲ್ಲ ಎಂದು ನೋಡಿ, ಅವನು ಈಗಿರುವ ಜಾಗಕ್ಕಲ್ಲ, ಇನ್ನೊಂದು ಗಳಿಗೆಗೆ ತಲುಪುವ ಜಾಗಕ್ಕೆ ಚೆಂಡೆಸೆಯಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಡೆದು ರಸ್ತೆ ದಾಟುತ್ತಾ, ಹೊರಟ ಬಿಎಂಟಿಸಿ ಬಸ್ಸಿನ ಕಿಟಕಿಯೊಳಗೆ ಕೂತ ಹೆಂಡತಿಯ ಕೈಗೆ ಟಿಫಿನ್ ಕ್ಯಾರಿಯರ್ ಎಸೆದ ಹಾಗೆ. ಸಾರು ಚೆಲ್ಲಬಾರದು.

ಇದಕ್ಕೆ ಆಟದ ಭಾಷೆಯಲ್ಲಿ 'ಪ್ರೆಷರ್' ಎಂದೇ ಹೆಸರು. ಯಾರ ಮೇಲೆ ಎಷ್ಟು ಸಲ ಪ್ರೆಷರ್ ಬಂತು ಎಂದು ಲೆಕ್ಕ ಬರೆದಿಡುವವರೇ ಇದ್ದಾರೆ. ಆದರೆ ಅದು ಕಣ್ಣಿಗೆ ಕಾಣುವ ಪ್ರೆಷರ್ರು, ಅದರಲ್ಲಿ ವಾದಕ್ಕೆ ರುಚಿಯಿಲ್ಲ. ಅಭಿಮಾನಿಗಳಿಗೆ ಬೇಕಾದದ್ದು ಇನ್ನೊಂದು. ಅದು ಕಾಣುವುದಿಲ್ಲ, ಅಳತೆಗೆ ಸಿಕ್ಕುವುದಿಲ್ಲ, ಹಾಗಾಗಿ ಇಡೀ ರಾತ್ರಿ ಮಾತಾಡಿದರೂ ತೀರುವುದಿಲ್ಲ: "ದೊಡ್ಡ ಮ್ಯಾಚು ಅಂದ್ರೆ ಅವನ ಕೈ ನಡುಗುತ್ತೆ ಕಣ್ರೀ."

ಅವನು ಅಂದರೆ ಕೌಬಾಯ್ಸ್ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್. 2016ರಲ್ಲಿ, ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನ ನಾಲ್ಕನೇ ಸುತ್ತಿನಲ್ಲಿ, 135ನೇ ಆಯ್ಕೆಯಾಗಿ ಕೌಬಾಯ್ಸ್‌ಗೆ ಬಂದವನು. ಖಾಯಂ ಕ್ವಾರ್ಟರ್‌ಬ್ಯಾಕ್ ಟೋನಿ ರೋಮೋ ಗಾಯಗೊಂಡನೆಂದು ಬದಲಿಗೆ ನಿಲ್ಲಿಸಿದರೆ ಮೊದಲ ವರ್ಷವೇ 13 ಪಂದ್ಯ ಗೆಲ್ಲಿಸಿದ. ಅಂದಿನಿಂದ ಪ್ಲೇಆಫ್‌ನಲ್ಲಿ ಆಡಿದ್ದು ಏಳು, ಗೆದ್ದದ್ದು ಎರಡು, ಸೋತದ್ದು ಐದು. ಈ ಎರಡು-ಐದರ ಮೇಲೆ ಟೆಕ್ಸಸ್‌ನಲ್ಲಿ ಎಷ್ಟು ಸಂಸಾರಗಳ ಭಾನುವಾರದ ಊಟ ತಣ್ಣಗಾಗಿದೆಯೋ ಲೆಕ್ಕ ಇಟ್ಟವರಿಲ್ಲ.

ನಾನು ಕಣ್ಣಾರೆ ಕಂಡ ಸೋಲು 2024ರ ಜನವರಿ 14ರದ್ದು. ಸಂಕ್ರಾಂತಿಯ ಹಿಂದಿನ ದಿನ, ಭಾನುವಾರ. ಅಕ್ಕ ಊಟದ ಮೇಜಿನ ಮೇಲೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ ಹರಡಿಕೊಂಡು ಪೊಟ್ಟಣ ಕಟ್ಟುತ್ತಿದ್ದಳು. ಸೋಫಾದ ಮೇಲೆ ಡ್ಯಾಕ್‌ನ ನಾಲ್ಕನೇ ನಂಬರಿನ ಜೆರ್ಸಿ ತೊಟ್ಟ ಭಾವ, ಅವರ ಮೂವರು ಸ್ನೇಹಿತರು. ಪಕ್ಕದ ಕುರ್ಚಿಯಲ್ಲಿ ಭಾವನ ತಂದೆ, ನಮ್ಮ ರಾಯರು. ಕೆಇಬಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಆರು ತಿಂಗಳ ವೀಸಾದ ಮೇಲೆ ಮಗನ ಮನೆಗೆ ಬಂದಿದ್ದರು. ಎದುರಾಳಿ ಗ್ರೀನ್ ಬೇ ಪ್ಯಾಕರ್ಸ್, ತಮ್ಮ ಗುಂಪಿನಲ್ಲಿ ಏಳನೆಯವರಾಗಿ, ಬಾಗಿಲ ಸಂದಿಯಲ್ಲಿ ಒಳಗೆ ನುಸುಳಿದ ತಂಡ. ಕೌಬಾಯ್ಸ್ ಎರಡನೇ ಸ್ಥಾನದವರು, ಸ್ವಂತ ಮೈದಾನದಲ್ಲಿ ಸತತ 16 ಪಂದ್ಯ ಗೆದ್ದವರು. "ಈ ಸಲ ನಮ್ದೇ" ಎಂದರು ಭಾವ. ಯಾವ ಕಣ್ಣಿನ ಪರವಾಗಿ ಹೇಳಿದರೋ.

ಎರಡನೇ ಕ್ವಾರ್ಟರ್ ಮುಗಿಯುವುದರೊಳಗೆ ಪ್ಯಾಕರ್ಸ್ 27, ಕೌಬಾಯ್ಸ್ ಸೊನ್ನೆ. ಅದರಲ್ಲಿ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸುವುದು) ಹೇಗೆ ಬಂತೆಂದರೆ, ಡ್ಯಾಕ್ ಎಸೆದ ಚೆಂಡನ್ನು ಎದುರಾಳಿ ಡಾರ್ನೆಲ್ ಸ್ಯಾವೇಜ್ ನಡುವೆ ನುಗ್ಗಿ ಹಿಡಿದು 64 ಗಜ ಓಡಿಹೋದ. ಅವನು ಓಡುತ್ತಿದ್ದಷ್ಟು ಹೊತ್ತೂ ಮನೆಯಲ್ಲಿ ಉಸಿರಿನ ಸದ್ದಿಲ್ಲ. ಗೆರೆ ದಾಟಿದ ಕ್ಷಣಕ್ಕೆ ಭಾವನ ಬಾಯಲ್ಲಿದ್ದ ಸಕ್ಕರೆ ಅಚ್ಚಿನ ಗಿಣಿ 'ಕಟಕ್' ಎಂದಿತು. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡು ಅನ್ನುತ್ತೇವಲ್ಲ, ಬಾಯಿತುಂಬ ಎಳ್ಳು ಬೆಲ್ಲ ಇಟ್ಟುಕೊಂಡೇ ಆ ನಾಲ್ವರು ಆಡಿದ ಮಾತುಗಳನ್ನು ಇಲ್ಲಿ ಬರೆದರೆ ಸಂಪಾದಕರು ಈ ಅಂಕಣವನ್ನು ಇವತ್ತೇ ನಿಲ್ಲಿಸುತ್ತಾರೆ.

ಒಬ್ಬ ಸ್ನೇಹಿತರು ತೀರ್ಪು ಕೊಟ್ಟರು: "ಇವನಲ್ಲಿ ಕ್ಲಚ್ ಇಲ್ಲ."

ರಾಯರು ಕನ್ನಡಕ ಸರಿಮಾಡಿಕೊಂಡರು. "ಈ ದೇಶದಲ್ಲಿ ಯಾವ ಗಾಡಿಗಿದೆಯಪ್ಪಾ ಕ್ಲಚ್ಚು? ಎಲ್ಲಾ ಆಟೋಮ್ಯಾಟಿಕ್ಕೇ ಅಲ್ವೇನೋ?"

"ನೀವು ಸ್ವಲ್ಪ ಸುಮ್ನಿರಿ ಅಪ್ಪ."

ಕ್ಲಚ್ ಅಂದರೆ ಕಷ್ಟದ ಹೊತ್ತಿನಲ್ಲಿ ಕೈಕೊಡದ ಗುಣವಂತೆ. ಅದು ಯಾರಲ್ಲಿ ಇದೆ, ಯಾರಲ್ಲಿ ಇಲ್ಲ ಎನ್ನುವುದು ಪಂದ್ಯ ಮುಗಿದ ಮೇಲೆ ಮಾತ್ರ ಗೊತ್ತಾಗುತ್ತದೆ. ನಮ್ಮ ಜೋಯಿಸರಲ್ಲೂ ಕೆಲವರು ಹೀಗೆ, ಹೆರಿಗೆ ಆದ ಮೇಲೆ ಗಂಡೋ ಹೆಣ್ಣೋ ಕರಾರುವಾಕ್ಕಾಗಿ ಹೇಳುತ್ತಾರೆ.

ಪಂದ್ಯ 48–32ಕ್ಕೆ ಮುಗಿಯಿತು. ಡ್ಯಾಕ್ ಲೆಕ್ಕಕ್ಕೆ 403 ಗಜ, ಮೂರು ಟಚ್‌ಡೌನ್, ಎರಡು ಇಂಟರ್‌ಸೆಪ್ಷನ್, ಅಂದರೆ ಎದುರಾಳಿಯ ಕೈ ಸೇರಿದ ಎಸೆತ. ಭಾವನ ಪಕ್ಷ ಬದಲಾವಣೆ ನೋಡಲು ಚೆಂದವಿತ್ತು. ಸಂಜೆ ಮೂರೂವರೆಗೆ ಅವರು ಡ್ಯಾಕ್ ಪಕ್ಷ. ನಾಲ್ಕೂವರೆಗೆ ವಿರೋಧ ಪಕ್ಷ. ಮೂರನೇ ಕ್ವಾರ್ಟರಿನಲ್ಲಿ ಒಂದೆರಡು ಒಳ್ಳೇ ಎಸೆತ ಬಿದ್ದಾಗ ತಟಸ್ಥ. ರಾತ್ರಿ ಬಿಸಿಬೇಳೆಬಾತಿನ ಹೊತ್ತಿಗೆ ಪಕ್ಷೇತರ. ರೆಸಾರ್ಟಿನ ಖರ್ಚಿಲ್ಲದೆ ಇಷ್ಟು ಪಕ್ಷಾಂತರ ನಮ್ಮ ವಿಧಾನಸಭೆಯೂ ಕಂಡಿಲ್ಲ. "403 ಗಜ ಎಸೆದಿದ್ದಾನಲ್ಲ ಭಾವ" ಎಂದೆ. "ಅದೆಲ್ಲ ಸೋಲು ಗ್ಯಾರಂಟಿ ಆದ ಮೇಲೆ ಬಂದದ್ದು, ಲೆಕ್ಕಕ್ಕಿಲ್ಲ" ಎಂದರು. ಆ ಎರಡು ಇಂಟರ್‌ಸೆಪ್ಷನ್ ಮಾತ್ರ ಲೆಕ್ಕಕ್ಕಿವೆ. ಆವತ್ತಿನ 48 ಅಂಕದಲ್ಲಿ ಬಹುಪಾಲು ಬಿಟ್ಟುಕೊಟ್ಟದ್ದು ಕಾಯುವ ಪಾಳಿಯವರು, ಅಂದರೆ ಡಿಫೆನ್ಸ್; ಅವರು ಆಡುವಾಗ ಡ್ಯಾಕ್ ಪಕ್ಕದಲ್ಲಿ ನೀರು ಕುಡಿಯುತ್ತಿದ್ದ. ಏಳು ಅಂಕಕ್ಕೆ ಮಾತ್ರ ನೇರವಾಗಿ ಅವನ ತಪ್ಪು. ಮಿಕ್ಕ 41ಕ್ಕೆ ಬೈಗುಳ ತಿನ್ನಲು ಹೆಸರುಗಳೇ ಸಾಲದೆ ಅದೂ ಅವನ ಖಾತೆಗೇ ಹೋಯಿತು.

ಖಾತೆ ಬರೆಯುವ ಈ ಕ್ರಮಕ್ಕೆ ಹಿಂದಿನ ವರ್ಷದ ಉದಾಹರಣೆ ಇನ್ನೂ ಚೆನ್ನಾಗಿದೆ. 2023ರ ಜನವರಿ 16ರಂದು ಟಾಂಪಾ ಬೇ ಮೇಲೆ ಡ್ಯಾಕ್ ನಾಲ್ಕು ಟಚ್‌ಡೌನ್ ಎಸೆದ, ಇನ್ನೊಂದನ್ನು ತಾನೇ ಓಡಿ ಗಳಿಸಿದ, 31–14ಕ್ಕೆ ಗೆಲ್ಲಿಸಿದ. ಎದುರಿಗಿದ್ದವನು ಹೆಸರಾಂತ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ, ಅವನ ವೃತ್ತಿಬದುಕಿನ ಕೊನೇ ಪಂದ್ಯ ಅದು. ಅಭಿಮಾನಿಗಳ ತೀರ್ಪು: "ಪಾಪ, ಬ್ರೇಡಿಗೆ ವಯಸ್ಸಾಯ್ತು." ಆರೇ ದಿನಕ್ಕೆ ಸ್ಯಾನ್ ಫ್ರಾನ್ಸಿಸ್ಕೋದವರ ಎದುರು ಎರಡು ಚೆಂಡು ಕಳೆದು 19–12ಕ್ಕೆ ಸೋತರು. ತೀರ್ಪು: "ನಾನು ಹೇಳಿರ್ಲಿಲ್ವಾ?" ಗೆದ್ದರೆ ಎದುರಾಳಿಯ ಮುಪ್ಪು, ಸೋತರೆ ಇವನ ಪುಕ್ಕಲು. ಅಂದಹಾಗೆ ಟಾಂಪಾ ಪಂದ್ಯದಲ್ಲಿ ಕೌಬಾಯ್ಸ್‌ನ ಕಿಕ್ಕರ್ ಒಬ್ಬ, ನಿದ್ದೆಗಣ್ಣಿನಲ್ಲೂ ಒದೆಯಬಹುದಾದ ಹೆಚ್ಚುವರಿ ಅಂಕದ ಒದೆತವನ್ನು ಸಾಲಾಗಿ ನಾಲ್ಕು ಸಲ ತಪ್ಪಿಸಿದ. ಕಾಲು ನಡುಗುವುದೆಂದರೆ ಅದು. ಅವನ ಬಗ್ಗೆ ಫ್ರಿಸ್ಕೋದ ಸೋಫಾಗಳಲ್ಲಿ ಈಗ ಚಕಾರವಿಲ್ಲ.

ಬೈಸಿಕೊಳ್ಳುವ ಈ ಕುರ್ಚಿ ಡ್ಯಾಕ್‌ಗಿಂತ ಹಳೆಯದು. ಪಕ್ಕದ ಮನೆಯ ಟೆಕ್ಸಸ್ ಅಜ್ಜ ಬೇಲಿಯ ಆಚೆಯಿಂದ ಪಟ್ಟಿ ಒಪ್ಪಿಸಿದ. 1960ರ ದಶಕದ ಕೊನೆಯಲ್ಲಿ ತಂಡಕ್ಕೆ 'ಮುಂದಿನ ವರ್ಷದ ಚಾಂಪಿಯನ್ನರು' ಎಂದೇ ಅಡ್ಡಹೆಸರಿತ್ತಂತೆ. ಕೇಳಿ ನನಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು. ಆಮೇಲೆ ಡ್ಯಾನಿ ವೈಟ್ ಎಂಬ ಕ್ವಾರ್ಟರ್‌ಬ್ಯಾಕ್ 1980, 81, 82ರ ಸೀಸನ್ನುಗಳಲ್ಲಿ ಸತತವಾಗಿ ಮೂರು ಸಲ ಸೂಪರ್ ಬೌಲ್ ಹೊಸ್ತಿಲವರೆಗೆ ತಂಡವನ್ನು ತಂದ, ಮೂರು ಸಲವೂ ಹೊಸ್ತಿಲಲ್ಲೇ ಎಡವಿದ. ಕೈಲಾಗದವನು ಎಂದು ಊರೆಲ್ಲ ಆಡಿಕೊಂಡಿತು. 1996ರಿಂದ ಈಚೆಗೆ ಕೌಬಾಯ್ಸ್ ಆ ಹೊಸ್ತಿಲನ್ನು ಒಮ್ಮೆಯೂ ನೋಡಿಲ್ಲ. ಇವತ್ತು ಯಾರಾದರೂ ಒಂದೇ ಒಂದು ಸಲ ಅಲ್ಲಿಗೆ ಹೋಗಿ ಎಡವಿ ಬಿದ್ದರೂ ಸಾಕು, ಬಿದ್ದ ಜಾಗದಲ್ಲಿ ಗುಡಿ ಕಟ್ಟುತ್ತಾರೆ. ಟೋನಿ ರೋಮೋ ಕತೆ ಇನ್ನೂ ಘೋರ. 2007ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ, ಕಿಕ್ಕರ್ ಒದೆಯಲೆಂದು ಹಿಡಿದು ನಿಲ್ಲಿಸಬೇಕಾದ ಚೆಂಡು ಅವನ ಕೈಯಿಂದ ಜಾರಿತು, ಒಂದು ಅಂಕದಲ್ಲಿ ಸೋತರು. ಮರುವರ್ಷ ಪ್ಲೇಆಫ್‌ಗೆ ಮೊದಲು ಬಿಡುವಿದ್ದಾಗ ಗೆಳತಿಯ ಜೊತೆ ಮೆಕ್ಸಿಕೋದ ಸಮುದ್ರ ತೀರಕ್ಕೆ ಹೋಗಿಬಂದ; ಆಮೇಲಿನ ಪಂದ್ಯ ಸೋತಾಗ ಆ ಪ್ರವಾಸವೇ ಮಹಾಪರಾಧವಾಯಿತು. ಪ್ರೆಷರ್ ತಾಳಿಕೊಂಡರೂ ತಪ್ಪು, ಇಳಿಸಿಕೊಳ್ಳಲು ಹೋದರೂ ತಪ್ಪು.

ಒಂದು ವಿಷಯದಲ್ಲಿ ಮಾತ್ರ ನನಗೆ ನಗು ಬರುವುದಿಲ್ಲ. ಡ್ಯಾಕ್ ಕಾಲೇಜಿನಲ್ಲಿರುವಾಗ, 2013ರಲ್ಲಿ, ತಾಯಿ ಕ್ಯಾನ್ಸರಿನಿಂದ ಹೋದರು. 2020ರ ಏಪ್ರಿಲಿನಲ್ಲಿ ಅಣ್ಣ ತೀರಿಕೊಂಡ. ಆ ಸೆಪ್ಟೆಂಬರಿನಲ್ಲಿ ಡ್ಯಾಕ್, ತಾನು ಖಿನ್ನತೆಯಲ್ಲಿದ್ದೆ ಎಂದು ಬಾಯಿಬಿಟ್ಟು ಹೇಳಿಕೊಂಡ. ಟಿವಿಯಲ್ಲಿ ಕೂತು ವಾದ ಮಾಡುವುದನ್ನೇ ಕಸುಬು ಮಾಡಿಕೊಂಡ ಒಬ್ಬ ಪಂಡಿತ, ತಂಡದ ನಾಯಕನಾದವನು ಇಂಥ ದೌರ್ಬಲ್ಯ ಹೊರಗೆ ತೋರಿಸಬಾರದು ಎಂದು ಉಪದೇಶ ಮಾಡಿದ. ಅವನ ಚಾನೆಲ್ಲೇ ನಮಗೂ ಈ ಮಾತಿಗೂ ಸಂಬಂಧವಿಲ್ಲ ಎನ್ನಬೇಕಾಯಿತು. ಮರುತಿಂಗಳು ಮೈದಾನದಲ್ಲಿ ಡ್ಯಾಕ್‌ನ ಹರಡು ಮುರಿದು ಮೂಳೆ ಹೊರಗೆ ಬಂತು. ಅವನು ಮುಂದಿನ ವರ್ಷ ವಾಪಸ್ ಬಂದು ಆಡಿದ. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಭಾವ, ಸೋಫಾದ ಮೇಲೆ ಮೊಣಕಾಲಿಗೆ ದಿಂಬು ಕೊಟ್ಟುಕೊಂಡು ಕೇಳುತ್ತಾರೆ: "ಪ್ರೆಷರ್ ಬಂದ್ರೆ ಇವನು ತಡ್ಕೋತಾನಾ?"

ರಾಯರು ಆ ಪ್ಯಾಕರ್ಸ್ ಪಂದ್ಯದ ಸಂಜೆ ಬಹಳ ಹೊತ್ತು ಏನೋ ಯೋಚಿಸುತ್ತಿದ್ದರು. ಕ್ವಾರ್ಟರ್‌ಬ್ಯಾಕ್‌ನ ಮುಂದೆ ನಿಂತು ಅವನನ್ನು ಕಾಯುವ ಐವರಿಗೆ 'ಲೈನ್‌ಮನ್' ಅನ್ನುತ್ತಾರೆ ಎಂದು ಯಾರೋ ಹೇಳಿದ್ದೇ ತಡ, ಅವರಿಗೆ ಜೀವ ಬಂತು.

"ಇಲ್ಲೂ ಲೈನ್‌ಮನ್ ಇದ್ದಾರೇನು! ನೋಡಪ್ಪ, ಕರೆಂಟ್ ಹೋದ್ರೆ ಜನ ಬೈಯೋದು ಮಳೇಲಿ ಕಂಬ ಹತ್ತಿರೋನಿಗೆ. ಯಾಕೆ ಅಂದ್ರೆ ಅವನೊಬ್ಬನೇ ಕಣ್ಣಿಗೆ ಕಾಣೋದು. ಹೊಸ ಟ್ರಾನ್ಸ್‌ಫಾರ್ಮರ್ ಫೈಲನ್ನ ಮೂರು ವರ್ಷ ಟೇಬಲ್ ಮೇಲೆ ಮಲಗಿಸಿಕೊಂಡಿದ್ದೋನ ಮನೇಲಿ ಜನರೇಟರ್ ಇರತ್ತೆ. ಈ ತಂಡದಲ್ಲಿ ಆ ಫೈಲ್ ಯಾರ ಟೇಬಲ್ ಮೇಲಿದೆ?"

ಜೆರ್ರಿ ಜೋನ್ಸ್ ಟೇಬಲ್ ಮೇಲೆ. 1989ರಲ್ಲಿ ಸುಮಾರು 14 ಕೋಟಿ ಡಾಲರಿಗೆ ತಂಡ ಕೊಂಡವರು. ಮಾಲೀಕರೂ ಅವರೇ, ಯಾವ ಆಟಗಾರ ಬೇಕು, ಯಾರು ಬೇಡ ಎಂದು ನಿರ್ಧರಿಸುವ ಜನರಲ್ ಮ್ಯಾನೇಜರೂ ಅವರೇ. "ಅಂದ್ರೆ ಗುತ್ತಿಗೆದಾರನೂ ಅವನೇ, ಬಿಲ್ ಪಾಸ್ ಮಾಡೋ ಎಂಜಿನಿಯರೂ ಅವನೇ" ಎಂದು ರಾಯರು ಮೆಚ್ಚುಗೆಯಿಂದ ತಲೆಯಾಡಿಸಿದರು. ಅವರ ಕಾಲದಲ್ಲಿ ಇಬ್ಬರು ಬೇಕಾಗುತ್ತಿತ್ತು. ಕಪ್ಪಿಲ್ಲದೆ ಸುಮಾರು ಮೂವತ್ತು ವರ್ಷ ಕಳೆದ ಈ ತಂಡದ ಬೆಲೆ ಫೋರ್ಬ್ಸ್ ಲೆಕ್ಕದಲ್ಲಿ 2024ಕ್ಕೆ ಸಾವಿರ ಕೋಟಿ ಡಾಲರ್ ದಾಟಿತ್ತು. ಆಗ ಜಗತ್ತಿನ ಬೇರೆ ಯಾವ ಆಟದ ಯಾವ ತಂಡಕ್ಕೂ ಅಷ್ಟು ಬೆಲೆ ಇರಲಿಲ್ಲ. ಸೋತ ಮರುದಿನವೂ ಎಲ್ಲೆಲ್ಲೂ ಮಾತು ಈ ತಂಡದ್ದೇ. ಡ್ಯಾಕ್ ಪರವಾಗಿ ಕಿರುಚಿದವನೂ ನಾಲ್ಕನೇ ನಂಬರಿನ ಜೆರ್ಸಿ ಕೊಂಡಿದ್ದ, ವಿರುದ್ಧ ಕಿರುಚಿದವನೂ ಕೊಂಡಿದ್ದ. ಎರಡರ ದುಡ್ಡೂ ಗಲ್ಲಾಪೆಟ್ಟಿಗೆಗೇ ಬಿತ್ತು. ಪಾಪ, ಜೆರ್ರಿ ಜೋನ್ಸ್‌ಗೆ ಎಲ್ಲಿಂದ ಬರಬೇಕು ಬಿ.ಪಿ.?

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಾಲೀಕರು ಡ್ಯಾಕ್‌ಗೆ ವರ್ಷಕ್ಕೆ 6 ಕೋಟಿ ಡಾಲರಿನಂತೆ ನಾಲ್ಕು ವರ್ಷದ ಕರಾರು ಬರೆದುಕೊಟ್ಟರು. ಆ ಹೊತ್ತಿಗೆ ಈ ಆಟದಲ್ಲಿ ಅಷ್ಟು ಸಂಬಳ ಯಾರಿಗೂ ಇರಲಿಲ್ಲ. ಭಾವನಿಗೆ ಹಬ್ಬ. "ಇಷ್ಟು ದುಡ್ಡು ತಗೊಂಡು ಕೈ ನಡುಗಿಸ್ತಾನಲ್ಲ!" ದುಡ್ಡು ಇವರ ಜೇಬಿನಿಂದ ಹೋದಂತೆ ಸಂಕಟ. 2025ರ ಆಗಸ್ಟಿನಲ್ಲಿ ಅದೇ ಮಾಲೀಕರು, ಕಾಯುವ ಪಾಳಿಯ ಹುಲಿ ಮೈಕಾ ಪಾರ್ಸನ್ಸ್‌ನನ್ನು ಪ್ಯಾಕರ್ಸ್‌ಗೆ ಕೊಟ್ಟುಬಿಟ್ಟರು. ಹೌದು, ಸಂಕ್ರಾಂತಿಯ ಹಿಂದಿನ ದಿನ 48 ಅಂಕ ಬಡಿದ ಆ ಪ್ಯಾಕರ್ಸ್‌ಗೇ. ಒಂದೇ ತಿಂಗಳಲ್ಲಿ ಆ ಹುಲಿ ಎದುರಾಳಿಯ ಅಂಗಿ ತೊಟ್ಟು ಡಲ್ಲಾಸ್ ಮೈದಾನಕ್ಕೆ ಬಂದಿಳಿಯಿತು.

ಆ ಪಂದ್ಯದ ದಿನ ನಾನು ಮೈಸೂರಿನಲ್ಲಿ ರಾಯರ ಮನೆಯಲ್ಲಿದ್ದೆ, ದಸರಾ ಬೊಂಬೆ ನೋಡಲು ಹೋಗಿದ್ದೆ. ನಮಗೆ ಸೋಮವಾರ ಬೆಳಿಗ್ಗೆ, ಅವರಿಗೆ ಭಾನುವಾರ ರಾತ್ರಿ. ಪಟ್ಟದ ಬೊಂಬೆಗಳ ಪಕ್ಕದಲ್ಲಿ ಫೋನು ಒರಗಿಸಿಟ್ಟು ವೀಡಿಯೋ ಕಾಲ್ ಹಚ್ಚಿದೆವು. ಹೆಚ್ಚುವರಿ ಸಮಯವೂ ಮುಗಿದು, ಕೊನೇ ಗಳಿಗೆಯ ಒದೆತದಲ್ಲಿ ಪ್ಯಾಕರ್ಸ್ ಸಮ ಮಾಡಿಕೊಂಡು, 40–40. ಗೆಲುವೂ ಇಲ್ಲ, ಸೋಲೂ ಇಲ್ಲ. ಇನ್ನು ವಾದಕ್ಕೆ ಜಾಗವೆಲ್ಲಿ ಎಂದುಕೊಂಡೆ. ಭಾವ ಸೋಫಾದಿಂದ ಎದ್ದು ನಿಂತಿದ್ದರು. "40 ಹೊಡೆದೂ ಗೆಲ್ಸೋಕೆ ಆಗ್ಲಿಲ್ಲ ಅಂದ್ರೆ ಏನರ್ಥ?" ಹಿಂದಿನಿಂದ ಒಂದು ದನಿ: "ಅವನಿಲ್ದಿದ್ರೆ ಸೋಲ್ತಿದ್ವಿ." "ಗೆದ್ವಾ? ಗೆದ್ವಾ ಹೇಳು!"

ಅಕ್ಕ ಅವರನ್ನು ಎಳೆದು ಕೂರಿಸಿ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು. ಯಂತ್ರ ಗುರ್ರ್ ಎಂದಿತು, ನಿಂತಿತು. ಮತ್ತೆ ಗುರ್ರ್ ಎಂದಿತು, ನಿಂತಿತು.

"ಎಷ್ಟಮ್ಮಾ?" ರಾಯರು ಫೋನಿನ ಹತ್ತಿರ ಬಾಗಿದರು.

"ಬರ್ತಾನೇ ಇಲ್ಲ ಮಾವ, ಎರರ್ ತೋರಿಸ್ತಿದೆ. ಅರ್ಧ ನಿಮಿಷ ಸುಮ್ನೆ ಇರಿ ಅಂದ್ರೆ ಆಗ್ತಿಲ್ಲ, ಇವರ ಕೈ ನಡುಗ್ತಿದೆ."